ಕೋಚ್ ಹೊರಟ ಮೇಲೆ ಊರಲ್ಲಿ ಏನು ಉಳಿಯುತ್ತೆ? ಡೆನ್ವರ್‌ನಿಂದ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮತ್ತೆ ಮತ್ತೆ ಕೇಳಿದೆ. ಬೆಂಗಳೂರಿನ ಅಕಾಡೆಮಿಯವರು ಕರೆದಿದ್ದಾರೆ, ಸಂಬಳ ಈಗಿನದಕ್ಕಿಂತ ಜಾಸ್ತಿ, ಮಗಳ ಓದಿಗೂ ಅನುಕೂಲ, ಆದರೆ ನಾನು ಹೊರಟರೆ ಇಲ್ಲಿ ಖೋಖೋ ಆಡುವ ಹುಡುಗಿಯರ ಗತಿ ಏನು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕೇಳಿಯೇ ಇದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಯಾಕಂದ್ರೆ ಇದೇ ಚಿಂತೆಯಲ್ಲಿರುವ ಮೇಷ್ಟ್ರುಗಳು ನಮ್ಮ ಜಿಲ್ಲೆಯಲ್ಲೇ ಇನ್ನೂ ಎಷ್ಟೋ ಜನ ಇರಬಹುದು.

ನನ್ನ ಉತ್ತರ ನೀನು ನೋಡೇ ಇರದ ಒಂದು ಆಟದಿಂದ ಬರುತ್ತೆ. ಲ್ಯಾಕ್ರಾಸ್. ನನ್ನ ಮಗ ಆಡುತ್ತಾನೆ ಅಂತ ನಿನಗೆ ಗೊತ್ತು, ಆದರೆ ಆಟ ಏನು ಅಂತ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ. ಮೀನು ಹಿಡಿಯುವ ಸಣ್ಣ ಬಲೆಯನ್ನು ಕೋಲಿನ ತುದಿಗೆ ಕಟ್ಟಿದ ಹಾಗಿರುತ್ತೆ ಅದರ ಸ್ಟಿಕ್. ಗಟ್ಟಿ ರಬ್ಬರ್ ಚೆಂಡನ್ನು ಆ ಬಲೆಯಲ್ಲಿ ಹಿಡಿದು, ಓಡುತ್ತಾ, ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾ ಎದುರಾಳಿಯ ಗೋಲಿಗೆ ಹೊಡೆಯಬೇಕು. ಗಂಡಸರ ಆಟದಲ್ಲಿ ಒಂದು ಕಡೆ ಹತ್ತು ಜನ, ಹೆಲ್ಮೆಟ್, ಕೈಗವಸು, ಡಿಕ್ಕಿ ಹೊಡೆಯುವುದೂ ಉಂಟು. ಇದು ಇಲ್ಲಿನ ಮೂಲನಿವಾಸಿಗಳ ಆಟ. ಈಗಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಕಡೆಯ ಹೊಡೆನೊಶೋನಿ ಜನ ಇದನ್ನು ಸೃಷ್ಟಿಕರ್ತನಿಗೆ ಒಪ್ಪಿಸುವ ಆಟ ಅಂತ ಇವತ್ತಿಗೂ ನಂಬುತ್ತಾರೆ. ನಮಗೂ ಇದರ ಜೊತೆ ಒಂದು ಸಣ್ಣ ನಂಟಿದೆ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಒಲಿಂಪಿಕ್ ಸಮಿತಿಯ ಸಭೆ ನಡೆಯಿತಲ್ಲ, 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿಸಿದ ಸಭೆ, ಅಲ್ಲೇ ಲ್ಯಾಕ್ರಾಸ್ ಕೂಡ ಸೇರಿತು. ನಮ್ಮ ಪೇಪರ್‌ಗಳಲ್ಲಿ ಕ್ರಿಕೆಟ್ ಸುದ್ದಿ ಮಾತ್ರ ದೊಡ್ಡದಾಗಿ ಬಂದಿದ್ದು ಸಹಜವೇ.

ಈಗ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಈ ಆಟ ಇರೋದು ಪೂರ್ವದ ಕಡೆ. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್, ಬಾಲ್ಟಿಮೋರ್ ಸುತ್ತಮುತ್ತ, ಅಪ್‌ಸ್ಟೇಟ್ ನ್ಯೂಯಾರ್ಕ್. ಅಲ್ಲಿ ಮಗು ನಡೆಯೋಕೆ ಶುರು ಮಾಡಿದ ಕೂಡಲೇ ಕೈಗೆ ಸ್ಟಿಕ್ ಬರುತ್ತೆ. ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದರ ಲ್ಯಾಕ್ರಾಸ್ ಟೂರ್ನಿ 1971ರಲ್ಲಿ ಶುರುವಾಯಿತು. ಅಲ್ಲಿಂದ 2014ರವರೆಗೆ ಡಿವಿಷನ್ ಒನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ, ಪುರುಷರ ಕಪ್ ಗೆದ್ದ ಕಾಲೇಜುಗಳೆಲ್ಲ ಬರೀ ಐದು ರಾಜ್ಯದವು: ನ್ಯೂಯಾರ್ಕ್, ಮೇರಿಲ್ಯಾಂಡ್, ನಾರ್ತ್ ಕ್ಯಾರೊಲೈನಾ, ವರ್ಜೀನಿಯಾ, ನ್ಯೂಜೆರ್ಸಿ. ಕಾರಿನಲ್ಲಿ ಒಂದು ದಿನದಲ್ಲಿ ದಾಟಿಬಿಡಬಹುದಾದ ಒಂದು ಪಟ್ಟಿ ಅದು. ಇಷ್ಟು ದೊಡ್ಡ ದೇಶದಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಕಪ್ ಆ ಪಟ್ಟಿ ಬಿಟ್ಟು ಆಚೆ ಹೋಗಲೇ ಇಲ್ಲ.

ಡೆನ್ವರ್ ಇರೋದು ಅಲ್ಲಿಂದ ಎರಡು ಸಾವಿರ ಕಿಲೋಮೀಟರ್‌ಗೂ ದೂರ, ರಾಕಿ ಬೆಟ್ಟಗಳ ಬುಡದಲ್ಲಿ, ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದಲ್ಲಿ. ಡೆನ್ವರ್ ವಿಶ್ವವಿದ್ಯಾಲಯದ ಲ್ಯಾಕ್ರಾಸ್ ತಂಡ ಡಿವಿಷನ್ ಒನ್‌ಗೆ ಬಂದಿದ್ದೇ 1999ರಲ್ಲಿ. ಕೆಟ್ಟ ತಂಡ ಏನಲ್ಲ, 2006 ಮತ್ತು 2008ರಲ್ಲಿ ಎನ್‌ಸಿಎಎ ಟೂರ್ನಿಗೂ ಹೋಗಿತ್ತು, 2005ರಲ್ಲೇ ಈ ಆಟಕ್ಕೆ ಅಂತ ಒಂದು ಚಂದದ ಸ್ಟೇಡಿಯಂ ಕಟ್ಟಿಕೊಂಡಿತ್ತು. ಆದರೆ ಲಾಂಗ್ ಐಲ್ಯಾಂಡಿನ ಒಳ್ಳೆ ಆಟಗಾರನೊಬ್ಬ ಮನೆಯ ಹತ್ತಿರದ ಕಾಲೇಜುಗಳನ್ನೆಲ್ಲ ಬಿಟ್ಟು, ಅಪ್ಪ ಅಮ್ಮ ಮ್ಯಾಚ್ ನೋಡೋಕೂ ವಿಮಾನ ಹತ್ತಬೇಕಾದ ಊರಿಗೆ ಯಾಕೆ ಬರಬೇಕು? ಈ ಕಡೆಯ ಕೋಚ್‌ಗಳೆಲ್ಲ ದಿನಾ ಎದುರಿಸುವ ಪ್ರಶ್ನೆ ಇದು.

ಇದೇ ಹೊತ್ತಿಗೆ, 2009ರ ಜೂನ್‌ನಲ್ಲಿ, ಪ್ರಿನ್ಸ್‌ಟನ್‌ನ ಕೋಚ್ ಬಿಲ್ ಟಿಯರ್ನಿ ಕೆಲಸ ಬಿಟ್ಟು ಡೆನ್ವರ್‌ಗೆ ಬರುತ್ತೇನೆ ಅಂದರು.

ಟಿಯರ್ನಿ ಯಾರು ಅಂತ ಸ್ವಲ್ಪ ಹೇಳಬೇಕು. ಲಾಂಗ್ ಐಲ್ಯಾಂಡಿನವರು. ಅಲ್ಲಿನ ಹೈಸ್ಕೂಲ್‌ಗಳಲ್ಲಿ ಕಲಿಸಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಹಾಯಕ ಕೋಚ್ ಆಗಿ, 1988ರ ಸೀಸನ್‌ಗೆ ಪ್ರಿನ್ಸ್‌ಟನ್‌ಗೆ ಬಂದರು. ಮೊದಲ ವರ್ಷ ಗೆದ್ದಿದ್ದು ಎರಡೇ ಮ್ಯಾಚ್, ಸೋತಿದ್ದು ಹದಿಮೂರು. ಅಂಥ ತಂಡ ಇಟ್ಟುಕೊಂಡು ಹುಡುಗರ ಮನೆಗೆ ಹೋಗಿ, ನೀವು ಇಲ್ಲಿ ಓದಿ ಮುಗಿಸುವಷ್ಟರಲ್ಲಿ ದೇಶದ ಚಾಂಪಿಯನ್ ಆಗುತ್ತೀರಿ ಅಂತ ಹೇಳಿದರಂತೆ. ಪ್ರಿನ್ಸ್‌ಟನ್ ಐವಿ ಲೀಗ್ ಅನ್ನುವ ಹಳೆಯ ಹೆಸರುವಾಸಿ ಕಾಲೇಜುಗಳ ಗುಂಪಿನದು, ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ. ಅವರ ಕೈಯಲ್ಲಿ ಕೊಡೋಕೆ ಮಾತು ಬಿಟ್ಟು ಬೇರೆ ಏನೂ ಇರಲಿಲ್ಲ. 1992ರಲ್ಲಿ ಸಿರಾಕ್ಯೂಸ್ ಎದುರು ಫೈನಲ್‌ನಲ್ಲಿ ಎರಡು ಎಕ್ಸ್‌ಟ್ರಾ ಟೈಮ್ ಆಡಿ 10-9ರಿಂದ ಗೆದ್ದರು. ಆಮೇಲೆ 1994, 1996, 1997, 1998, 2001. ಒಟ್ಟು ಆರು ಕಪ್. 2001ರ ತಂಡದ ಗೋಲ್‌ಕೀಪರ್ ಅವರ ಸ್ವಂತ ಮಗ ಟ್ರೆವರ್. 2002ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದರು. ಇನ್ನೇನು ಬೇಕು ಹೇಳು? ಐವತ್ತೈದು ದಾಟಿದ, ಎಲ್ಲ ಗೆದ್ದ, ಎಲ್ಲರೂ ತಲೆಬಾಗುವ ಕೋಚ್ ಒಬ್ಬ ಅಲ್ಲೇ ಹಾಯಾಗಿ ನಿವೃತ್ತಿ ಆಗಬಹುದಿತ್ತು.

ನಾನು ಆಗ ಡೆನ್ವರ್‌ಗೆ ಹೊಸಬ. ಈ ಆಟದ ಗಂಧಗಾಳಿ ಇರಲಿಲ್ಲ. ನನ್ನ ಆಫೀಸಿನಲ್ಲಿ ಬಾಲ್ಟಿಮೋರಿನ ಕಡೆಯವರೊಬ್ಬರು ಇದ್ದರು, ಆ ಸುದ್ದಿ ಬಂದ ದಿನ ಅವರು ಕೆಲಸವನ್ನೇ ಮಾಡಲಿಲ್ಲ, ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಾ ಓಡಾಡಿದರು. ಅವರಿಂದಲೇ ನನಗೆ ಟಿಯರ್ನಿ ಅನ್ನುವ ಹೆಸರು ಗೊತ್ತಾಗಿದ್ದು.

ಟಿಯರ್ನಿ ಬಂದ ಮಾತ್ರಕ್ಕೆ ಪೂರ್ವದ ಒಳ್ಳೊಳ್ಳೆ ಹುಡುಗರು ಸಾಲುಗಟ್ಟಿ ಬರಲಿಲ್ಲ, ಗೆಳೆಯಾ. ಇದನ್ನು ಚೆನ್ನಾಗಿ ನೆನಪಿಟ್ಟುಕೋ. ದೊಡ್ಡ ಹೆಸರು ಬಾಗಿಲು ತೆಗೆಸುತ್ತೆ ನಿಜ, ಆದರೆ ಹದಿನೇಳು ವರ್ಷದ ಹುಡುಗನ ಅಮ್ಮನಿಗೆ ದೂರ ದೂರವೇ. ಹಾಗಾಗಿ ಅವರು ಬೇರೆಯವರು ಸರಿಯಾಗಿ ನೋಡದ ಕಡೆ ನೋಡಿದರು. ಅದರಲ್ಲಿ ಮುಖ್ಯವಾದದ್ದು ಕೆನಡಾ. ಅಲ್ಲಿ ಬೇಸಿಗೆಯಲ್ಲಿ ಐಸ್ ಹಾಕಿಯ ಅಂಗಣದ ಮಂಜು ತೆಗೆದು ಅದರೊಳಗೆ ಬಾಕ್ಸ್ ಲ್ಯಾಕ್ರಾಸ್ ಆಡುತ್ತಾರೆ. ಜಾಗ ಚಿಕ್ಕದು, ಗೋಲು ಇನ್ನೂ ಚಿಕ್ಕದು, ಗೋಲ್‌ಕೀಪರ್ ಬಿಟ್ಟರೆ ಒಂದು ಕಡೆ ಐದೇ ಜನ. ಸುತ್ತ ಗೋಡೆ, ಮೈಮೇಲೆ ಎದುರಾಳಿ. ಅಂಥ ಇಕ್ಕಟ್ಟಿನಲ್ಲಿ ಬೆಳೆದ ಹುಡುಗನ ಕೈ ಎಷ್ಟು ಚುರುಕಾಗಿರುತ್ತೆ ಅಂದರೆ, ದೊಡ್ಡ ಮೈದಾನಕ್ಕೆ ಬಂದ ಮೇಲೆ ಅವನಿಗೆ ಹೊತ್ತೂ ಜಾಗವೂ ಬೇಕಾದಷ್ಟು ಸಿಕ್ಕ ಹಾಗೆ ಅನಿಸುತ್ತೆ. ಡೆನ್ವರ್‌ಗೆ ಕೆನಡಾದ ಹುಡುಗರು ಮೊದಲಿನಿಂದಲೂ ಬರುತ್ತಿದ್ದರು. ಬ್ರಿಟಿಷ್ ಕೊಲಂಬಿಯಾದ ಬರ್ನಬಿಯಿಂದ ಬಂದು ಇಲ್ಲೇ ಆಡಿದ ಮ್ಯಾಟ್ ಬ್ರೌನ್ ಅನ್ನುವವರು ಟಿಯರ್ನಿ ಜೊತೆ ಸಹಾಯಕ ಕೋಚ್ ಆಗಿ ನಿಂತರು. ಈ ಹೆಸರು ಮುಂದೆ ಬರುತ್ತೆ. ಆಂಟೇರಿಯೋದ ಆಶವಾದ ಮಾರ್ಕ್ ಮ್ಯಾಥ್ಯೂಸ್ ಇಲ್ಲಿ ಆಡಿದ, ಕೊಕ್ವಿಟ್ಲಮ್‌ನಿಂದ ವೆಸ್ಲಿ ಬರ್ಗ್ ಬಂದ. ಹೊಡೆನೊಶೋನಿಗಳಲ್ಲೇ ಒಂದಾದ ಸೆನೆಕಾ ಸಮುದಾಯದ ಝ್ಯಾಕ್ ಮಿಲ್ಲರ್ ಬಂದ. ಇಲ್ಲೇ ಡೆನ್ವರ್ ಪಕ್ಕದ ಅರಪಾಹೋ ಹೈಸ್ಕೂಲಿನ ಹುಡುಗ ಎರಿಕ್ ಲಾ ಮುಂದಿನ ಸಾಲಿನಲ್ಲಿ ಆಡಿದ. ಟ್ರೆವರ್ ಬ್ಯಾಪ್ಟಿಸ್ಟ್ ಅಂತ ನ್ಯೂಜೆರ್ಸಿಯ ಹುಡುಗ, ದೊಡ್ಡ ಕಾಲೇಜುಗಳು ಅಷ್ಟಾಗಿ ಕಣ್ಣು ಹಾಕದೆ ಬಿಟ್ಟವನು, ಡಿವಿಷನ್ ತ್ರೀ ಕಾಲೇಜೊಂದಕ್ಕೆ ಹೋಗುವವನಿದ್ದ. ಡೆನ್ವರ್‌ಗೆ ಬಂದು ಫೇಸ್‌ಆಫ್‌ನಲ್ಲಿ, ಅಂದರೆ ಇಬ್ಬರು ಬಗ್ಗಿ ಕೂತು ನಡುವಿನ ಚೆಂಡಿಗೆ ಹೋರಾಡುವ ಕೆಲಸದಲ್ಲಿ, ದೇಶದಲ್ಲೇ ಮೊದಲಿಗನಾದ.

2011ರಲ್ಲಿ ಡೆನ್ವರ್ ಕೊನೆಯ ನಾಲ್ಕಕ್ಕೆ ಹೋಯಿತು. ಮಿಸಿಸಿಪ್ಪಿ ನದಿಯ ಪಶ್ಚಿಮದ ಯಾವ ತಂಡವೂ ಅಲ್ಲಿವರೆಗೆ ಆ ಹಂತ ಮುಟ್ಟಿರಲಿಲ್ಲ. 2013ರಲ್ಲಿ ಸೆಮಿಫೈನಲ್‌ನಲ್ಲಿ ಸಿರಾಕ್ಯೂಸ್ ಎದುರು ಒಂದು ಗೋಲಿನಿಂದ ಸೋತರು, 2014ರಲ್ಲಿ ಡ್ಯೂಕ್ ಎದುರು ಸೋತರು. 2015ರ ಸೆಮಿಫೈನಲ್‌ನಲ್ಲಿ ನಾಟರ್‌ಡೇಮ್ ಕೊನೆಯ ಹೊತ್ತಿನಲ್ಲಿ ಸಮ ಮಾಡಿತು, ನಮ್ಮ ಮನೆಯಲ್ಲಿ ಎಲ್ಲರೂ ಮುಗೀತು ಅಂದುಕೊಂಡು ಎದ್ದು ನಿಂತಿದ್ದೆವು, ಎಕ್ಸ್‌ಟ್ರಾ ಟೈಮ್‌ನಲ್ಲಿ ಬರ್ಗ್ ಹೊಡೆದ. 11-10. ಆಮೇಲೆ ಮೇ 25ಕ್ಕೆ ಫಿಲಡೆಲ್ಫಿಯಾದಲ್ಲಿ ಫೈನಲ್, ಮೇರಿಲ್ಯಾಂಡ್ ಎದುರು. 10-5. ಐದು ಗೋಲು ಬರ್ಗ್‌ನದೇ. ಪೂರ್ವದ ಟೈಮ್ ಝೋನ್ ಬಿಟ್ಟು ಆಚೆಗೆ ಆ ಕಪ್ ಬಂದಿದ್ದು ಅದೇ ಮೊದಲು. ನನ್ನ ಮಗ ಆಗ ಚಿಕ್ಕವನು. ಮಾರನೇ ವಾರ ನಮ್ಮ ಬೀದಿಯಲ್ಲಿ ಎಷ್ಟು ಮಕ್ಕಳ ಕೈಯಲ್ಲಿ ಸ್ಟಿಕ್ ಇತ್ತು ಅಂತ ನೋಡಿದ್ದರೆ ನಿನಗೆ ಎಷ್ಟು ಖುಷಿ ಆಗುತ್ತಿತ್ತೋ. ನಮ್ಮವನೂ ಆವಾಗಲೇ ಹಟ ಹಿಡಿದಿದ್ದು.

ಇಷ್ಟೆಲ್ಲ ಆದ ಮೇಲೆ ಈ ಕಡೆಯ ಕಷ್ಟ ಮುಗೀತಾ ಅಂದರೆ, ಇಲ್ಲ. ಈ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಿದೆ, ಅದನ್ನೂ ಹೇಳಿಬಿಡುತ್ತೇನೆ.

ಆ ಕಾಲದಲ್ಲಿ ಕಾಲೇಜು ಕೋಚ್‌ಗಳು ಎಂಟನೇ ಕ್ಲಾಸ್, ಒಂಬತ್ತನೇ ಕ್ಲಾಸ್ ಮಕ್ಕಳಿಂದಲೇ ಮಾತು ತೆಗೆದುಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗ ಇಂಥ ಕಾಲೇಜಿಗೆ ಬರುತ್ತೇನೆ ಅಂತ ಒಪ್ಪಿಕೊಳ್ಳೋದು! ಇದರಿಂದ ಜಾಸ್ತಿ ಪೆಟ್ಟು ಬಿದ್ದಿದ್ದು ಪಶ್ಚಿಮದ ಮಕ್ಕಳಿಗೆ. ಇಲ್ಲಿ ಹುಡುಗರು ತಡವಾಗಿ ಆಟ ಶುರು ಮಾಡುತ್ತಾರೆ, ಹತ್ತನೇ ಕ್ಲಾಸ್ ಹನ್ನೊಂದನೇ ಕ್ಲಾಸ್ ಹೊತ್ತಿಗೆ ಅರಳುತ್ತಾರೆ. ಅಷ್ಟರಲ್ಲಿ ಪೂರ್ವದ ತಂಡಗಳ ಪಟ್ಟಿಯೆಲ್ಲ ತುಂಬಿರುತ್ತಿತ್ತು. ಇನ್ನು ತೋರಿಸಿಕೊಳ್ಳಬೇಕು ಅಂದರೆ ಬೇಸಿಗೆಯಲ್ಲಿ ಮೇರಿಲ್ಯಾಂಡಿಗೋ ಲಾಂಗ್ ಐಲ್ಯಾಂಡಿಗೋ ಹೋಗಿ ಟೂರ್ನಿ ಆಡಬೇಕು, ವಿಮಾನ, ಹೋಟೆಲ್, ಫೀಸು, ದುಡ್ಡಿರುವ ಮನೆಯವರಿಗಷ್ಟೇ ಆಗುವ ಕೆಲಸ. 2017ರ ಏಪ್ರಿಲ್‌ನಲ್ಲಿ ಎನ್‌ಸಿಎಎ ಹೊಸ ನಿಯಮ ತಂದಿತು. ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ಕೋಚ್‌ಗಳು ಮಕ್ಕಳ ಜೊತೆ ಸೇರಿಸಿಕೊಳ್ಳುವ ಮಾತೇ ಆಡುವಂತಿಲ್ಲ. ನನ್ನ ಮಟ್ಟಿಗೆ ಈ ಆಟಕ್ಕೆ ಅಷ್ಟು ವರ್ಷಗಳಲ್ಲಿ ಆದ ಅತಿ ಒಳ್ಳೆ ಕೆಲಸ ಅದು, ಯಾವ ಕಪ್ಪಿಗಿಂತಲೂ.

ಆದರೆ ಹೋಗೋಕೆ ಕಾಲೇಜುಗಳಾದರೂ ಬೇಕಲ್ಲ. ಡಿವಿಷನ್ ಒನ್‌ನಲ್ಲಿ ಎಪ್ಪತ್ತಕ್ಕೂ ಜಾಸ್ತಿ ಪುರುಷರ ತಂಡಗಳಿವೆ. ರಾಕಿ ಬೆಟ್ಟಗಳಿಂದ ಪೆಸಿಫಿಕ್ ಸಾಗರದವರೆಗಿನ ಇಡೀ ಪಶ್ಚಿಮದಲ್ಲಿ ಇರೋದು ಮೂರು: ಡೆನ್ವರ್, ಕೊಲರಾಡೋ ಸ್ಪ್ರಿಂಗ್ಸ್‌ನ ಏರ್ ಫೋರ್ಸ್ ಅಕಾಡೆಮಿ, 2019ರಲ್ಲಿ ಸೇರಿದ ಯೂಟಾ. ಕ್ಯಾಲಿಫೋರ್ನಿಯಾದಲ್ಲಿ ಒಂದೂ ಇಲ್ಲ. ಆರೆಗನ್, ವಾಷಿಂಗ್ಟನ್, ಅಲ್ಲೂ ಇಲ್ಲ. ಸ್ಯಾನ್ ಡಿಯಾಗೋ ಕಡೆ ಎಷ್ಟು ಚೆನ್ನಾಗಿ ಆಡುವ ಹುಡುಗರಿದ್ದಾರೆ ಗೊತ್ತಾ? ಅವರೆಲ್ಲ ದೇಶದ ಆ ತುದಿಗೆ ಹೋಗುತ್ತಾರೆ, ಹೋದವರು ಅಲ್ಲೇ ಕೆಲಸ ಹುಡುಕಿ ಅಲ್ಲೇ ಮನೆ ಮಾಡುತ್ತಾರೆ, ಮುಂದೆ ಅಲ್ಲಿನ ಮಕ್ಕಳಿಗೇ ಕಲಿಸುತ್ತಾರೆ. ಹೀಗೆ ಊರು ಎರಡು ಸಲ ಕಳೆದುಕೊಳ್ಳುತ್ತೆ. ಮೊದಲು ಆಟಗಾರನನ್ನು, ಹತ್ತು ವರ್ಷ ಬಿಟ್ಟು ಅವನೇ ಆಗಬಹುದಾಗಿದ್ದ ಕೋಚನ್ನು. ದೊಡ್ಡ ವಿಶ್ವವಿದ್ಯಾಲಯಗಳು ಹೊಸದಾಗಿ ಪುರುಷರ ತಂಡ ಮಾಡದೇ ಇರೋಕೆ ಕಾರಣಗಳಿವೆ. ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ ಅವಕಾಶ ಕೊಡಬೇಕು ಅನ್ನುವ ಟೈಟಲ್ ನೈನ್ ಕಾನೂನಿದೆ, ಅದು ಒಳ್ಳೆಯದೇ, ನನ್ನ ಬೆಂಬಲ ಇದೆ. ಆದರೆ ಅಮೆರಿಕನ್ ಫುಟ್‌ಬಾಲ್ ಒಂದೇ ಆಟ ನೂರಕ್ಕೂ ಜಾಸ್ತಿ ಹುಡುಗರ ಜಾಗ ನುಂಗಿ ಕೂತಾಗ ಉಳಿದ ಗಂಡುಮಕ್ಕಳ ಆಟಗಳಿಗೆ ಏನೂ ಉಳಿಯೋದಿಲ್ಲ. ಡೆನ್ವರ್ ವಿಶ್ವವಿದ್ಯಾಲಯ 1961ರಲ್ಲೇ ಫುಟ್‌ಬಾಲ್ ಕೈಬಿಟ್ಟಿತ್ತು. ಇಲ್ಲಿ ಲ್ಯಾಕ್ರಾಸ್‌ಗೆ ಜಾಗ ಸಿಕ್ಕಿದ್ದರಲ್ಲಿ ಅದರ ಪಾಲೂ ಇದೆ ಅಂತ ನನ್ನ ನಂಬಿಕೆ.

ಇನ್ನು ಕೋಚ್ ಹೊರಟ ಕಥೆ. ನೀನು ಕಾಯುತ್ತಿರೋದು ಇದಕ್ಕೇ ಅಲ್ವಾ.

2023ರ ಸೀಸನ್ ಶುರುವಾಗುವ ಮೊದಲೇ ಟಿಯರ್ನಿ, ಇದು ನನ್ನ ಕೊನೆಯ ಸೀಸನ್ ಅಂತ ತಿಳಿಸಿದರು. ಡೆನ್ವರ್‌ಗೆ ಬಂದು ಹದಿನಾಲ್ಕು ಸೀಸನ್ ಆಗಿತ್ತು. ಇಲ್ಲಿ ಮಕ್ಕಳನ್ನು ಆಡಿಸುವ ಮನೆಗಳಲ್ಲಿ ಆಗ ಎದ್ದ ಮಾತೆಲ್ಲ ನಿನ್ನ ಮಾತಿನ ಥರದ್ದೇ. ಇನ್ನು ಇಲ್ಲಿಗೆ ಯಾರು ಬರುತ್ತಾರೆ? ಅವರ ಹೆಸರು ನೋಡಿ ಬರುತ್ತಿದ್ದವರು ಇನ್ನು ಬರೋದಿಲ್ಲ, ಇರೋ ಹುಡುಗರೂ ಟ್ರಾನ್ಸ್‌ಫರ್ ತಗೊಂಡು ಹೋಗುತ್ತಾರೆ, ಮತ್ತೆ ಎಲ್ಲ ಪೂರ್ವಕ್ಕೇ. ಮೈದಾನದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಪ್ಪಂದಿರು ಅಮ್ಮಂದಿರು ತಿಂಗಳುಗಟ್ಟಲೆ ಇದನ್ನೇ ಆಡಿಕೊಂಡರು.

ಅವರ ಜಾಗಕ್ಕೆ ಬಂದಿದ್ದು ಮ್ಯಾಟ್ ಬ್ರೌನ್. ಆಗ ಹೇಳಿದೆನಲ್ಲ, ಬರ್ನಬಿಯವರು. ಇಲ್ಲಿ ಆಡಿ, ಇಲ್ಲೇ ಸಹಾಯಕರಾಗಿ, ಅಷ್ಟೂ ವರ್ಷ ಟಿಯರ್ನಿ ಪಕ್ಕದಲ್ಲಿ ನಿಂತು ತಂಡದ ದಾಳಿಯ ಆಟವನ್ನೆಲ್ಲ ನೋಡಿಕೊಂಡವರು. 2015ರಲ್ಲಿ ಗೆದ್ದ ತಂಡದ ಗೋಲು ಹೊಡೆಯುವ ರೀತಿ ಬಹುಪಾಲು ಅವರ ಕೈಯಲ್ಲೇ ರೂಪುಗೊಂಡಿದ್ದು. ಆಟಗಾರರಿಗೆ ಅವರ ಪರಿಚಯ ಮಾಡಿಸಬೇಕಾಗಿರಲಿಲ್ಲ, ಆ ಹುಡುಗರನ್ನು ಮನೆಗೆ ಬಂದು ಕರೆದವರಲ್ಲಿ ಬ್ರೌನ್ ಕೂಡ ಇದ್ದರು. ಬ್ರೌನ್‌ಗೆ ಎರಡನೇ ಸೀಸನ್‌ವರೆಗೆ ಕಾಯುವ ಅಗತ್ಯವೂ ಬೀಳಲಿಲ್ಲ. 2024ರಲ್ಲಿ, ಮೊದಲ ಸೀಸನ್‌ನಲ್ಲೇ, ಡೆನ್ವರ್ ಮತ್ತೆ ಕೊನೆಯ ನಾಲ್ಕಕ್ಕೆ ಹೋಯಿತು. 2017ರ ಮೇಲೆ ಅದೇ ಮೊದಲು. ಸೆಮಿಫೈನಲ್‌ನಲ್ಲಿ ನಾಟರ್‌ಡೇಮ್ ಎದುರು 13-6ರಿಂದ ಸೋತರು, ಆ ವರ್ಷ ಕಪ್ ಗೆದ್ದಿದ್ದೂ ನಾಟರ್‌ಡೇಮೇ. ಸೋಲು ಜೋರಾಗೇ ಇತ್ತು. ಆದರೂ ಮೈದಾನದ ಬದಿಯ ಆ ಮಾತುಗಳೆಲ್ಲ ನಿಂತವು.

ಇದರ ಪಕ್ಕದಲ್ಲಿ ಪ್ರಿನ್ಸ್‌ಟನ್ ಇಟ್ಟು ನೋಡು. 2009ರಲ್ಲಿ ಟಿಯರ್ನಿ ಹೊರಟಾಗ ಅಲ್ಲಿಗೆ ಬೇರೆ ಕಾಲೇಜಿನಿಂದ ಕೋಚ್ ಬಂದರು. 2004ರಲ್ಲಿ ಕೊನೆಯ ನಾಲ್ಕರಲ್ಲಿದ್ದ ಪ್ರಿನ್ಸ್‌ಟನ್ ಮತ್ತೆ ಅಲ್ಲಿಗೆ ಹೋಗಿದ್ದು 2022ರಲ್ಲಿ. ಟಿಯರ್ನಿ ಇದ್ದಾಗಲೇ ಇಳಿಕೆ ಶುರುವಾಗಿತ್ತು, ಹಾಗಾಗಿ ತಪ್ಪೆಲ್ಲ ಅವರು ಹೊರಟಿದ್ದರದ್ದೇ ಅನ್ನೋದಕ್ಕೆ ಆಗೋದಿಲ್ಲ. ಬೇರೆ ತಂಡಗಳೂ ಅಷ್ಟರಲ್ಲಿ ಬೆಳೆದಿದ್ದವು. ಆದರೆ ಒಂದು ಮಾತು ಸತ್ಯ. ದುಡ್ಡು, ಹೆಸರು, ಓದು, ಪೂರ್ವದ ಸಾಲಿನಲ್ಲಿ ಜಾಗ, ಎಲ್ಲ ಇದ್ದ ಪ್ರಿನ್ಸ್‌ಟನ್‌ಗೆ ಅಷ್ಟು ವರ್ಷ ಹಿಡಿಯಿತು. ಇವು ಯಾವುದೂ ಅಷ್ಟಾಗಿ ಇಲ್ಲದ ಡೆನ್ವರ್ ಒಂದೇ ವರ್ಷದಲ್ಲಿ ಎದ್ದು ನಿಂತಿತು. ಒಬ್ಬನೇ ಮನುಷ್ಯ, ಎರಡು ಸಲ ಹೊರಟ. ಎರಡನೇ ಸಲ ಹೊರಡುವ ಹೊತ್ತಿಗೆ ಪಕ್ಕದಲ್ಲಿ ವರ್ಷಗಟ್ಟಲೆ ಜೊತೆಗಿದ್ದು ಪಳಗಿದವರೊಬ್ಬರು ಇದ್ದರು, ಅದೂ ಈ ಊರನ್ನೇ ತಮ್ಮದು ಮಾಡಿಕೊಂಡವರು.

ಡೆನ್ವರ್‌ಗೆ ಇನ್ನೂ ಒಂದು ಬಲ ಇತ್ತು, ಅದನ್ನು ಹೊರಗಿನವರು ಅಷ್ಟಾಗಿ ಗಮನಿಸೋದಿಲ್ಲ. ಕಾಲೇಜಿನ ಆಚೆಗೂ ಊರಲ್ಲಿ ಆಟ ಇತ್ತು. ವೇಲ್ ಅನ್ನುವ ಬೆಟ್ಟದೂರಿನಲ್ಲಿ ಬೇಸಿಗೆಯ ಲ್ಯಾಕ್ರಾಸ್ ಟೂರ್ನಿ ಐವತ್ತು ವರ್ಷದಷ್ಟು ಹಳೆಯದು. ಕೊಲರಾಡೋ ಮ್ಯಾಮತ್ ಅನ್ನುವ ಬಾಕ್ಸ್ ಲ್ಯಾಕ್ರಾಸ್ ತಂಡ 2003ರಿಂದ ಇಲ್ಲಿದೆ, ಚಳಿಗಾಲದಲ್ಲಿ ಅದರ ಮ್ಯಾಚ್‌ಗೆ ಹೋದರೆ ಕುಟುಂಬ ಕುಟುಂಬವೇ ಬಂದು ಕೂತಿರುತ್ತೆ. ದೊಡ್ಡ ಮೈದಾನದ ಲ್ಯಾಕ್ರಾಸ್ ಆಡುವ ಡೆನ್ವರ್ ಔಟ್‌ಲಾಸ್ ತಂಡ 2006ರಲ್ಲಿ ಶುರುವಾಯಿತು, ಜುಲೈ 4ರ ಅದರ ಮ್ಯಾಚ್‌ಗೆ ಸ್ಟೇಡಿಯಂನಲ್ಲಿ ಹತ್ತಾರು ಸಾವಿರ ಜನ ಸೇರುತ್ತಿದ್ದರು. ಈ ತಂಡಗಳಲ್ಲಿ ಆಡೋಕೆ ಬಂದವರಲ್ಲಿ ಕೆಲವರು ಇಲ್ಲೇ ನಿಂತರು, ಸಂಜೆ ಹೊತ್ತು ಮಕ್ಕಳಿಗೆ ಕಲಿಸಿದರು. ನನ್ನ ಮಗನಿಗೆ ಮೊದಲು ಚೆಂಡು ಹಿಡಿಯೋದು ಕಲಿಸಿದ್ದು ಅಂಥವರೊಬ್ಬರೇ. ಪಾರ್ಕಿನ ಮೂಲೆಯಲ್ಲಿ, ಕತ್ತಲಾಗುವ ತನಕ, ಹಿಮ ಬೀಳುವ ಮಾರ್ಚ್ ತಿಂಗಳಲ್ಲೂ ಕಲಿಸುತ್ತಿದ್ದರು. ಅವರಂಥವರು ಇಲ್ಲದೆ ಹೋಗಿದ್ದರೆ ಟಿಯರ್ನಿ ಥರದ ಹತ್ತು ಜನ ಬಂದರೂ ಊರಿಗೆ ಏನೂ ಅಂಟುತ್ತಿರಲಿಲ್ಲ.

ಮುಂದೇನು ಅನ್ನೋ ಚಿಂತೆ ನನಗೂ ಇದೆ. 2025ರಿಂದ ಇಲ್ಲಿ ಕಾಲೇಜು ಆಟದ ನಿಯಮಗಳು ಬದಲಾಗಿವೆ. ಮೊದಲು ಒಂದು ಲ್ಯಾಕ್ರಾಸ್ ತಂಡಕ್ಕೆ ಒಟ್ಟು 12.6 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು, ಅದನ್ನೇ ನಲವತ್ತು ಐವತ್ತು ಹುಡುಗರಿಗೆ ಹಂಚಬೇಕಿತ್ತು. ಈಗ ಎನ್‌ಸಿಎಎ ಕೋರ್ಟಿನಲ್ಲಿ ಮಾಡಿಕೊಂಡ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಗಿ, ತಂಡದಲ್ಲಿ 48 ಜನ ಅನ್ನುವ ಮಿತಿ ಬಂದಿದೆ. ಅಂದರೆ ದುಡ್ಡಿರುವ ಕಾಲೇಜು ಎಲ್ಲರಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಆಟಗಾರರಿಗೆ ನೇರವಾಗಿ ದುಡ್ಡು ಕೊಡೋಕೂ ಅವಕಾಶ ಆಗಿದೆ. ಫುಟ್‌ಬಾಲ್‌ನಿಂದ ಕೋಟಿಗಟ್ಟಲೆ ಬರುವ ದೊಡ್ಡ ಕಾಲೇಜು ಮನಸ್ಸು ಮಾಡಿದರೆ ಡೆನ್ವರ್‌ನಂಥ ಕಡೆ ಬೆಳೆದ ಹುಡುಗನನ್ನು ಮೂರನೇ ವರ್ಷದಲ್ಲಿ ಎತ್ತಿಕೊಂಡು ಹೋಗೋದು ಕಷ್ಟವೇ ಅಲ್ಲ. ನಿನ್ನ ಒಳ್ಳೆ ಆಟಗಾರ್ತಿಯರನ್ನು ದೊಡ್ಡ ಊರಿನ ಹಾಸ್ಟೆಲ್‌ಗಳು ಆರಿಸಿಕೊಂಡು ಹೋದಾಗ ನಿನಗೆ ಆಗುವ ಸಂಕಟ ಇಲ್ಲಿನವರಿಗೂ ಇದೆ. ಖುಷಿ ಒಂದು ಕಡೆ, ಖಾಲಿಯಾಗುವ ಮೈದಾನ ಇನ್ನೊಂದು ಕಡೆ.

ಅದಕ್ಕೇ ಹೇಳುತ್ತೇನೆ, ಹೋಗುವವರನ್ನು ತಡೆಯೋ ಯೋಚನೆ ಬಿಡು. ಹುಡುಗಿಯರನ್ನೂ ತಡೆಯಬೇಡ, ನಿನ್ನನ್ನೂ ತಡೆದುಕೊಳ್ಳಬೇಡ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದಳಲ್ಲ, ಆ ದಿನ ನೀನು ರಾತ್ರಿ ಫೋನ್ ಮಾಡಿ ಎಷ್ಟು ಹೊತ್ತು ಮಾತಾಡಿದೆ ಅಂತ ನನಗೆ ನೆನಪಿದೆ. ಹಳ್ಳಿಯ ಮೈದಾನದಿಂದ ಹೊರಟವಳು ಅಲ್ಲಿ ನಿಂತಳು. ನಿನ್ನ ಹುಡುಗಿಯರಿಗೂ ಹೋಗೋಕೆ ದಾರಿ ಇರಲಿ.

ನೀನು ಹೋಗಬೇಕು ಅಂತಲೇ ನನ್ನ ಅಭಿಪ್ರಾಯ. ಹದಿನೈದು ವರ್ಷಕ್ಕೂ ಜಾಸ್ತಿ ಆ ಮಣ್ಣಿನಲ್ಲಿ ಬೆವರು ಸುರಿಸಿದ್ದೀಯ, ಮಳೆಗಾಲದಲ್ಲಿ ಅಂಕಣದ ನೀರನ್ನು ನೀನೇ ಗೋರಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ನಿನ್ನ ಮಗಳ ಓದು, ನಿನ್ನ ಹೆಂಡತಿಯ ಆರೋಗ್ಯ, ಇವೂ ನಿನ್ನ ಜವಾಬ್ದಾರಿಯೇ ಮಾರಾಯ. ಯಾರೂ ನಿನ್ನನ್ನು ತಪ್ಪು ಅನ್ನೋದಿಲ್ಲ, ಅಂದರೆ ನನ್ನ ಹತ್ತಿರ ಕಳಿಸು. ಆದರೆ ಈ ತಿಂಗಳೇ ಹೊರಡಬೇಡ.

ನಿನ್ನ ಜೊತೆ ಸಂಜೆ ಪ್ರಾಕ್ಟೀಸ್‌ಗೆ ಬರುವ ಆ ಹುಡುಗಿ ಇದ್ದಾಳಲ್ಲ, ನಿನ್ನ ಹಳೇ ಆಟಗಾರ್ತಿ, ಈಗ ಊರಲ್ಲೇ ಮದುವೆಯಾಗಿ ಇರೋದು ಅಂತ ಹೇಳಿದ್ದೆ. ಚಿಕ್ಕ ಮಕ್ಕಳಿಗೆ ಕಂಬದಲ್ಲಿ ತಿರುಗೋದು, ಡೈವ್ ಹೊಡೆಯೋದು ಎಲ್ಲ ಅವಳೇ ಹೇಳಿಕೊಡುತ್ತಾಳೆ ಅಂದಿದ್ದೆ. ಅವಳು ಆ ಊರು ಬಿಟ್ಟು ಹೋಗೋಳಲ್ಲ, ಅದೇ ಅವಳ ದೊಡ್ಡ ಬಲ. ಅವಳನ್ನು ಈಗಿನಿಂದಲೇ ಮುಂದೆ ಬಿಡು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನವರ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇರುತ್ತಲ್ಲ, ಈ ಸಲ ಯಾವಾಗ ಅರ್ಜಿ ಕರೆಯುತ್ತಾರೆ ವಿಚಾರಿಸು. ಫೀಸು, ಓಡಾಟದ ಖರ್ಚು, ಆ ಆರು ವಾರ ಅವಳ ಮನೆ ನೋಡಿಕೊಳ್ಳೋಕೆ ಆಗುವ ಖರ್ಚು ನಾನು ಕಳಿಸುತ್ತೇನೆ. ಇದು ಸುಮ್ನೆ ಹೇಳುವ ಮಾತಲ್ಲ, ಮನೆಯಲ್ಲಿ ಮಾತಾಡಿಯೇ ಬರೆಯುತ್ತಿದ್ದೇನೆ. ಮುಂದಿನ ತಾಲ್ಲೂಕು ಮಟ್ಟದ ಟೂರ್ನಿಗೆ ಮಕ್ಕಳನ್ನು ಅವಳೇ ಕರೆದುಕೊಂಡು ಹೋಗಲಿ, ನೀನು ಪ್ರೇಕ್ಷಕರ ಕಡೆ ಕೂರು. ಹುಡುಗಿಯರ ಮನೆಗೂ ಅವಳನ್ನು ಕರೆದುಕೊಂಡು ಹೋಗು, ಅಪ್ಪ ಅಮ್ಮಂದಿರು ಅವಳ ಮುಖ ನೋಡಲಿ, ಅವಳ ಫೋನ್ ನಂಬರ್ ಬರೆದುಕೊಳ್ಳಲಿ. ಇಷ್ಟು ದಿನ ಹೆಣ್ಣುಮಕ್ಕಳನ್ನು ಬೇರೆ ಊರಿನ ಮ್ಯಾಚ್‌ಗೆ ಕಳಿಸಿದ್ದು ನಿನ್ನನ್ನು ನಂಬಿ. ಇನ್ನು ಅವಳನ್ನೂ ನಂಬಬೇಕಲ್ಲ. ಅದು ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ.

ಬೆಂಗಳೂರಿನವರಿಗೆ ಫೋನ್ ಮಾಡಿ, ಈ ಶಾಲೆಯ ವರ್ಷ ಮುಗಿಯಲಿ, ಜೂನ್‌ಗೆ ಬರುತ್ತೇನೆ ಅಂತ ಹೇಳು. ನಿನ್ನಂಥ ಮೇಷ್ಟ್ರು ಬೇಕು ಅಂತಿದ್ದರೆ ಕಾಯುತ್ತಾರೆ. ಕಾಯೋದಿಲ್ಲ ಅಂದರೆ ನನಗೆ ಹೇಳು, ಆಗ ಏನು ಮಾಡಬೇಕು ಅಂತ ಇಬ್ಬರೂ ಕೂತು ಯೋಚಿಸೋಣ. ಆ ಹುಡುಗಿಯ ಹತ್ತಿರ ಮಾತಾಡಿ ಅವಳು ಏನು ಹೇಳಿದಳು ಅಂತ ಭಾನುವಾರದೊಳಗೆ ತಿಳಿಸು. ಅವಳ ಬ್ಯಾಂಕ್ ಖಾತೆಯ ವಿವರವನ್ನೂ ನನಗೆ ನೇರವಾಗಿ ಕಳಿಸಲಿ.

ನಿನ್ನ,
ಡೆನ್ವರ್‌ನ ಗೆಳೆಯ